ಮನೆದೇವರ ಹೆಸರು

ರಾಮಮೂರ್ತಿ ನಗರ,
ಸೋಮವಾರ, ೧೮-೧೧-೨೦೨೪

ನನ್ನ ಮುದ್ದಿನ ಭವ್ಯಳಿಗೆ ನಿನ್ನಮ್ಮ ಮುನಿಶಾಮಮ್ಮ ಮಾಡುವ ಆಶೀರ್ವಾದ. ಮಧುಕರ್‌ಗೂ ಹೇಳು. ಹೊಟ್ಟೆಯೊಳಗಿರುವ ಕೂಸಿಗೂ ಹೇಳು.

ನಿನ್ನೆಯಿಂದ ನೀನು ಎಷ್ಟು ಸಲ ಫೋನ್ ಮಾಡಿದರೂ ನಾನು ತೆಗೆಯಲಿಲ್ಲ. ಬೇಜಾರು ಮಾಡಿಕೊಳ್ಳಬೇಡ. ನೀನು ಕಳಿಸಿದ ಹುಣಸೆಹಣ್ಣು, ಮಲ್ಲಿಗೆ ಕಡ್ಡಿ ಎಲ್ಲ ಬಂದು ಸೇರಿತು ಅಂತಲೂ ಹೇಳಲಿಲ್ಲ. ಕಡ್ಡಿಯನ್ನು ಹಿತ್ತಲಲ್ಲಿ ನೆಟ್ಟಿದ್ದೇನೆ. ನಿಮ್ಮಪ್ಪ ಆಗಲೇ ಅದಕ್ಕೆ ಮೂರು ಚೆಂಬು ನೀರು ಸುರಿದು ಕೊಳೆಸುವುದಕ್ಕೆ ಶುರು ಮಾಡಿದ್ದಾರೆ.

ಫೋನಿನಲ್ಲಾದರೆ ನಾನು ಅರ್ಧ ಹೇಳಿ, ಆಮೇಲೆ ಮಾಡ್ತೀನಿ ಅಂತ ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ. ನಾನು ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ, ನಿನ್ನ ಒಂದನೇ ಕ್ಲಾಸಿನ ಪುಸ್ತಕ ನೋಡಿ. ತಪ್ಪಿದ್ದರೆ ತಿದ್ದಿಕೊಂಡು ಓದು. ನಾಲ್ಕು ಗಂಟೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ಮಧುಕರ್ ಕೆಲಸ ಮಾಡುವ ಆಸ್ಪತ್ರೆಯ ಗೇಟಿನಲ್ಲಿ ಇಳಿಸಪ್ಪ ಅಂತ ಹೇಳುತ್ತೇನೆ. ಮನೆ ವಿಳಾಸಕ್ಕೆ ಬರೆದರೆ ನಿಮ್ಮ ಮನೆ ಓನರ್ ಹೆಂಡತಿ ಶಾಂತಕುಮಾರಿ ಕೈಗೆ ಸಿಗುತ್ತದೆ. ಹಾಗಾಗಬಾರದು. ಯಾಕೆ ಅಂತ ಹೇಳುತ್ತೇನೆ.

ಓನರ್ ಅಂಜನಮೂರ್ತಿ ಹೆಂಡತಿಯನ್ನು ಕರೆದುಕೊಂಡು ಕಣ್ಣಿನ ಪೊರೆ ತೆಗೆಸುವುದಕ್ಕೆ ಬಂದು ನಮ್ಮ ಮನೆಯಲ್ಲೇ ಉಳಿದದ್ದು ನಿನಗೆ ಗೊತ್ತು. ಆಪರೇಷನ್ ಚೆನ್ನಾಗಿಯೇ ಆಯಿತು. ನಿಮ್ಮಪ್ಪ ಅವರನ್ನು ಮಹಡಿಗೆ ಕರೆದುಕೊಂಡು ಹೋಗಿ, ನಮ್ಮ ರಾಗಿ ಹೊಲ ಇದ್ದ ಕಡೆ ಈಗ ಎದ್ದಿರುವ ಅಪಾರ್ಟ್‌ಮೆಂಟು ತೋರಿಸಿ, "ಒಂದು ಕಣ್ಣಲ್ಲಿ ನೋಡಿದ್ದೇ ಸಾಕು ಕಣಯ್ಯ, ಎರಡ್ರಲ್ಲೂ ನೋಡಿದ್ರೆ ತಲೆ ತಿರುಗುತ್ತೆ" ಅಂದರು. ಇಬ್ಬರೂ ಹಸು, ಹುಲ್ಲು ಅಂತ ಮಾತಾಡಿಕೊಂಡು ಹಾಯಾಗಿದ್ದರು. ಗುರುವಾರ ಇನ್ನೊಂದು ಸಲ ಡಾಕ್ಟರಿಗೆ ತೋರಿಸಿ ಹೊರಡಬೇಕಿತ್ತು. ಇವತ್ತು ಮಧ್ಯಾಹ್ನವೇ ಗಂಡ ಹೆಂಡತಿ ಬಸ್ಸು ಹತ್ತಿಬಿಟ್ಟರು. ಇವತ್ತೇ ಬರುತ್ತಿದ್ದಾರೆ ಅಂತ ಮಧುಕರ್‌ಗೆ ಫೋನ್ ಮಾಡಿ ಹೇಳಿದೆ. ಯಾಕೆ ಅಂತ ಹೇಳುವುದಕ್ಕೆ ಬಾಯಿ ಬರಲಿಲ್ಲ.

ಈ ಮಾತು ದಸರಾದಲ್ಲಿ ನಾನು ನಿಮ್ಮ ಕೆಂಚೇಪಲ್ಲಿಗೆ ಬಂದಾಗ ಶುರುವಾದದ್ದು. ಎಷ್ಟು ಚೆನ್ನಾಗಿದ್ದೆ ನೀನು. ಇಲ್ಲಿ ಟಿನ್ ಫ್ಯಾಕ್ಟರಿ ಸರ್ಕಲ್ಲಿನ ಟ್ರಾಫಿಕ್ ದಾಟುವುದಕ್ಕೇ ಅರ್ಧ ಜೀವ ಹೋಗುತ್ತಿದ್ದವಳು, ಅಲ್ಲಿ ಚಪ್ಪಲಿ ಮೆಟ್ಟಿಕೊಂಡು ಹೋಗಿ ಸೊಪ್ಪು ತರುತ್ತಿದ್ದೆ. ದಾರಿಯಲ್ಲಿ ಎದುರು ಬಂದವರೆಲ್ಲ, ಎಷ್ಟು ತಿಂಗಳಮ್ಮ, ಊಟ ಸೇರುತ್ತಾ ಅಂತ ಕೇಳುವವರೇ. ಮಧುಕರ್ ಮಧ್ಯಾಹ್ನ ಮನೆಗೆ ಬಂದು ಬಿಸಿ ಮುದ್ದೆ ಉಂಡು ಹೋಗುತ್ತಿದ್ದ. ನನಗೂ ಆಸೆಯಾಗಿ, ಇಲ್ಲೇ ಒಂದು ಮನೆ ನೋಡು ಅಂತ ನಿನಗೆ ಹೇಳಿದ್ದು ನೆನಪಿದೆಯಾ?

ಒಂದು ಸಂಜೆ ಜಗಲಿಯ ಮೇಲೆ ಕೂತಿದ್ದೆವು. ನೀನು ಒಳಗೆ ಕಾಫಿ ಮಾಡುತ್ತಿದ್ದೆ. ಶಾಂತಕುಮಾರಿ ಹುರುಳಿಕಾಯಿ ನಾರು ತೆಗೆಯುತ್ತಾ, "ಅಕ್ಕಾ, ಭವ್ಯಂದು ಮನೆದೇವ್ರು ಯಾವ್ದು?" ಅಂತ ಕೇಳಿದಳು. ನಮ್ಮ ಕಡೆ ಜಾತಿಯನ್ನು ಬಾಯಿಬಿಟ್ಟು ಯಾರು ಕೇಳುತ್ತಾರೆ? ಮನೆದೇವರನ್ನು ಕೇಳುತ್ತಾರೆ, ಮಿಕ್ಕಿದ್ದು ತಾನಾಗಿ ತಿಳಿಯುತ್ತದೆ. ಮದುವೆಯಾದ ಹೆಣ್ಣಿಗೆ ಗಂಡನ ಮನೆದೇವರೇ ದೇವರು, ಅದೂ ನನಗೆ ಗೊತ್ತು. ಆದರೆ ಬಾಯಿ ತಪ್ಪಿ, "ಸೀತಿಬೆಟ್ಟದ ಭೈರಪ್ಪ" ಅಂದುಬಿಟ್ಟೆ. ನಮ್ಮ ದೇವರು, ನಿನ್ನ ತೌರಿನದು.

"ನಮ್ದೂ ಅದೇ ಕಣಕ್ಕಾ" ಅಂತ ಅವಳು ಹುರುಳಿಕಾಯಿ ಬಿಟ್ಟು ನನ್ನ ಕೈ ಹಿಡಿದುಕೊಂಡಳು. "ಅದಕ್ಕೇ ನೋಡಿ, ನೋಡಿದ ದಿನವೇ ನಮ್ಮೋರು ಅನ್ಸಿತ್ತು."

ಅವತ್ತಿನಿಂದ ಮಧುಕರ್ ಅವಳಿಗೆ ಅಳಿಯನಾದ. ನೀನು ಅವರ ಅಡುಗೆಮನೆಗೆ ಹೋದೆ, ಆಮೇಲೆ ದೇವರಮನೆಗೂ ಹೋದೆ. ಮೊನ್ನೆ ಅವರು ಇಲ್ಲಿಗೆ ಹೊರಡುವಾಗ ಬೀಗದ ಕೈಯನ್ನೇ ನಿನಗೆ ಕೊಟ್ಟರು. ನೀನು ಫೋನಿನಲ್ಲಿ, "ಅಮ್ಮ, ಅವ್ರ ದೇವ್ರ ದೀಪ ನಾನೇ ಹಚ್ತಿದೀನಿ, ಈ ಊರಲ್ಲಿ ಯಾರೂ ಏನೂ ಕೇಳಲ್ಲ" ಅಂದೆ. ಕೇಳಿದ್ದರು, ಮಗಳೇ. ನನ್ನನ್ನು ಕೇಳಿದ್ದರು. ಕೇಳಿದರೆ ಹೇಳೋಣ, ಕೇಳದಿದ್ದರೆ ಸುಮ್ಮನಿರೋಣ ಅಂತ ನೀವಿಬ್ಬರೂ ಮಾಡಿಕೊಂಡಿದ್ದ ತೀರ್ಮಾನವನ್ನು ನಾನು ಹಾಳು ಮಾಡಿದೆ. ನಿಮ್ಮ ಸುಮ್ಮನಿರುವಿಕೆ ನನ್ನ ಒಂದು ಮಾತಿನಿಂದ ಸುಳ್ಳಾಗಿಹೋಯಿತು. ನಾನು ಅದನ್ನು ನಿನಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡೆ.

ನಿನ್ನೆ ಭಾನುವಾರ ನಿನ್ನ ಅತ್ತೆ ಕುಪ್ಪಮ್ಮನವರು ಬಂದರು. ಮಗನ ಓನರ್ ಬಂದಿದ್ದಾರೆ ಅಂತ ಬೆಳಿಗ್ಗೆಯೇ ಕಜ್ಜಾಯ ಕರಿದು, ಡಬ್ಬಿ ತುಂಬಿಕೊಂಡು ಹಲಸೂರಿನಿಂದ ಮೆಟ್ರೋ ಹತ್ತಿ ಬಂದಿದ್ದರು. ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದವರಲ್ಲವೇ, ಇಸ್ತ್ರಿ ಮಾಡಿದ ಸೀರೆ, ನೆಟ್ಟಗೆ ನಡಿಗೆ. ಅವರು ಗೇಟು ತೆಗೆದ ಸದ್ದಿಗೇ ನಾನು ಒಲೆ ಆರಿಸಿ ಹೊರಗೆ ಓಡಿದೆ. ಒಳಗೆ ಕರೆದು ಒಂದು ಮಾತು ಹೇಳೋಣ ಅಂದರೆ, ಏನಂತ ಹೇಳಲಿ?

ಮೊದಮೊದಲು ಚೆನ್ನಾಗಿಯೇ ಇತ್ತು.

"ನಮ್ಮೆಜಮಾನ್ರಿಗೆ ಶುಗರ್ ಇದೆ ಅಂತ ಕಂಡುಹಿಡಿದೋನೇ ನಿಮ್ಮ ಮಗ" ಅಂದಳು ಶಾಂತಕುಮಾರಿ.

"ಚಿಕ್ಕೋನಿದ್ದಾಗ ಸೂಜಿ ಕಂಡ್ರೆ ಮಂಚದ ಕೆಳಗೆ ಸೇರ್ಕೋತಿದ್ದ. ಈಗ ಊರೋರಿಗೆಲ್ಲ ಚುಚ್ತಾನೆ" ಅಂದರು ಕುಪ್ಪಮ್ಮ. ಎಲ್ಲರೂ ನಕ್ಕರು. ನಾನು ತಟ್ಟೆಗೆ ಕಜ್ಜಾಯ ಹಾಕುತ್ತಲೇ ಇದ್ದೆ, ಬಾಯಿಗಳೆಲ್ಲ ತುಂಬಿರಲಿ ಅಂತ.

ಶಾಂತಕುಮಾರಿ ಒಂದು ಕಜ್ಜಾಯ ಮುರಿದುಕೊಂಡು, "ಬರೋ ತಿಂಗ್ಳು ಎಲ್ಲಾರೂ ಸೀತಿಬೆಟ್ಟಕ್ಕೆ ಹೋಗ್ಬರೋಣ ಅಕ್ಕಾ. ಒಂದೇ ದೇವ್ರ ಒಕ್ಕಲು ನಾವು. ಮಗು ಹುಟ್ಟೋಕ್ ಮುಂಚೆ ಮಧುಕರ್ ಕೈಲಿ ದೀಪ ಹಚ್ಚಿಸ್ಬೇಕು" ಅಂದಳು.

"ಬೆಟ್ಟಕ್ಕೆ ಬರ್ತೀನಮ್ಮ, ನೋಡ್ದಂಗಾಯ್ತು" ಅಂದರು ಕುಪ್ಪಮ್ಮ. "ಆದ್ರೆ ಅದು ನಮ್ಮ ಮನೆದೇವ್ರಲ್ಲ. ನಮ್ದು ಗಂಗಮ್ಮ. ಹಲಸೂರಲ್ಲಿ ನಮ್ಮ ಕಾಲೊನಿ ಒಳಗೇ ಗುಡಿ ಇದೆ."

"ಯಾವ ಕಾಲೊನಿ?"

"ಎಸ್ಸಿ ಕಾಲೊನಿ. ಮಧು ಹೇಳಿಲ್ವಾ?" ಬಸ್ಸಿನ ನಂಬರ್ ಹೇಳಿದಷ್ಟೇ ಸಲೀಸಾಗಿ ಹೇಳಿದರು.

ಶಾಂತಕುಮಾರಿ ಕೈಯಲ್ಲಿದ್ದ ಕಜ್ಜಾಯದ ಚೂರನ್ನು ತಟ್ಟೆಯ ಅಂಚಿಗಿಟ್ಟಳು. "ಎಣ್ಣೆ ಪದಾರ್ಥ ನಂಗೆ ಎದೆ ಉರಿ" ಅಂದಳು. ಅಂಜನಮೂರ್ತಿ ಮಾತ್ರ, "ಚೆನ್ನಾಗೈತೆ, ಇನ್ನೊಂದು ಹಾಕ್ರಿ" ಅಂದರು. "ನಿಮಗೆ ಶುಗರ್" ಅಂತ ಅವಳು ಅವರ ಮುಂದಿನ ತಟ್ಟೆಯನ್ನೂ ಎತ್ತಿಬಿಟ್ಟಳು. ಆಮೇಲೂ ನಗುನಗುತ್ತಲೇ ಮಾತಾಡಿದಳು. ಮೆಟ್ರೋದಲ್ಲಿ ಕೂರೋಕೆ ಜಾಗ ಸಿಗುತ್ತಾ ಅಂತ ಕೇಳಿದಳು. ಆ ನಗು ನೋಡಿ ನನಗೆ ಹೆದರಿಕೆಯಾಯಿತು. ಬೈದಿದ್ದರೆ ವಾಪಸು ಏನಾದರೂ ಅನ್ನಬಹುದಿತ್ತು.

ಇವತ್ತು ಬೆಳಿಗ್ಗೆ ಏಳುತ್ತಲೇ, ಹಸು ಈಯುವ ಹಾಗಿದೆ, ಹೊರಡುತ್ತೇವೆ ಅಂದಳು. ಡಾಕ್ಟರು ಗುರುವಾರ ಬನ್ನಿ ಅಂದಿದ್ದಾರಲ್ಲಮ್ಮ ಅಂದೆ. ಅಲ್ಲೇ ತೋರಿಸುತ್ತೇವೆ ಅಂದಳು. ಕುಪ್ಪಮ್ಮ ದಾರಿಗೆ ಅಂತ ಅವರಿಗೇ ಕೊಟ್ಟಿದ್ದ ಕಜ್ಜಾಯದ ಡಬ್ಬಿ ಬಾಗಿಲ ಪಕ್ಕ, ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತಿತ್ತು. ನಾನು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಜೊತೆಗೆ ಹೊರಟೆ.

ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಕಾಯುತ್ತಾ ನಿಂತಾಗ, ಗಂಡಸರು ಅತ್ತ ಹೋದ ಮೇಲೆ, ಅವಳು ರಸ್ತೆ ನೋಡಿಕೊಂಡೇ ಹೇಳಿದಳು: "ದೇವ್ರಮನೆ ಕೀ ಕೊಟ್ಟಿದ್ದೆ ಅಕ್ಕಾ, ನಿಮ್ಮ ಮಗ್ಳಿಗೆ."

"ಅವ್ರಿಬ್ರೂ ಒಂದು ಸುಳ್ಳೂ ಹೇಳಿಲ್ಲ ಶಾಂತಾ. ಹೇಳಿದ್ದು ನಾನು. ಕೋಪ ಇದ್ರೆ ನನ್ ಮೇಲಿರ್ಲಿ."

"ಕೋಪ ಏನಿಲ್ಲ ಬಿಡಿ."

"ಮನೆ ಖಾಲಿ ಮಾಡಿಸ್ತೀಯಾ? ಏಳು ತಿಂಗಳ ಬಸುರಿ ಅವಳು."

ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ನಾನು ಡಬ್ಬಿಯನ್ನು ಕಿಟಕಿಯೊಳಗೆ ಚಾಚಿ, "ಭವ್ಯಂಗೆ ಕೊಡು, ಅವಳ ಅತ್ತೆ ಮಾಡಿದ್ದು" ಅಂದೆ. ಹಿಂದಿನವರು ನೋಡುತ್ತಿದ್ದರು. ತೆಗೆದುಕೊಂಡಳು, ಮಡಿಲಲ್ಲಿ ಇಟ್ಟುಕೊಂಡಳು. ಕೆ.ಆರ್. ಪುರದ ಸೇತುವೆ ದಾಟಿದ ಮೇಲೆ ಏನು ಮಾಡಿದಳೋ ನನಗೆ ತಿಳಿಯದು. ಮುಚ್ಚಳದ ಮೇಲೆ ಕುಪ್ಪಮ್ಮನ ಹೆಸರು ಕೊರೆದಿದೆ. ಆ ಡಬ್ಬಿ ನಿನ್ನ ಕೈಗೆ ಬಂತಾ? ಬಂದಿದ್ದರೆ ಒಳಗೆ ಕಜ್ಜಾಯ ಇತ್ತಾ? ಅಷ್ಟು ತಿಳಿಸು. ಮಿಕ್ಕಿದ್ದನ್ನು ನಾನು ಅದರಿಂದಲೇ ತಿಳಿದುಕೊಳ್ಳುತ್ತೇನೆ.

ಈಗ ನೀನು ಮಾಡಬೇಕಾದದ್ದು ಕೇಳು. ಅವರ ಬೀಗದ ಕೈ ಇನ್ನೂ ನಿನ್ನ ಹತ್ತಿರವೇ ಇದ್ದರೆ ನೀನಾಗಿಯೇ ಅವಳ ಕೈಗೆ ಕೊಡು, ತಲೆ ತಗ್ಗಿಸಬೇಡ. ಅವರು ಬಾಯಿಬಿಟ್ಟು ಹೇಳುವ ತನಕ ಒಂದು ಪಾತ್ರೆಯನ್ನೂ ಕಟ್ಟಬೇಡ. ಊರಿನವರು ಮಾತು ಬಿಟ್ಟರೆ ಬಿಡಲಿ, ನೀನು ಸೊಪ್ಪು ತರುವುದಕ್ಕೆ ಹೋಗುವುದನ್ನು ಬಿಡಬೇಡ. ಮಧುಕರ್ ಜೊತೆ ಜಗಳ ಬೇಡ, ಅವನ ತಪ್ಪು ಏನೂ ಇಲ್ಲ. ಗುರುವಾರ ನಾನೂ ನಿನ್ನ ಅತ್ತೆಯೂ ಒಟ್ಟಿಗೆ ಬರುತ್ತೇವೆ. ಹಸಿರು ಬಳೆ ತರುತ್ತೇನೆ. ಅದೇ ಜಗಲಿಯ ಮೇಲೆ ಕೂರಿಸಿ, ಇಬ್ಬರೂ ನಿನಗೆ ತೊಡಿಸುತ್ತೇವೆ. ನೋಡುವವರು ನೋಡಲಿ.

ನಿಮ್ಮಪ್ಪ, ಮಗಳಿಗೆ ಧೈರ್ಯ ಹೇಳು ಅಂದರು. ಹೇಳಿದ್ದೇನೆ. ಹೊತ್ತು ಹೊತ್ತಿಗೆ ಉಣ್ಣು, ಎಡಗಡೆ ಮಗ್ಗುಲಾಗಿ ಮಲಗು. ನಿನ್ನ ಮಡಿಲು ತುಂಬಿ, ಮನೆ ನಿಲ್ಲಲಿ.

ಇಂತಿ ನಿನ್ನಮ್ಮ
ಮುನಿಶಾಮಮ್ಮ

ಮರೆತ ಮಾತು: ಮರೆತಿಲ್ಲ, ಮೇಲೆ ಬರೆಯುವುದಕ್ಕೆ ಕೈ ಬರಲಿಲ್ಲ. ನಿನ್ನೆ ಕುಪ್ಪಮ್ಮನವರನ್ನು ಬಿಡುವುದಕ್ಕೆ ಗೇಟಿನವರೆಗೆ ಹೋದಾಗ, ದಸರಾದಲ್ಲಿ ಬಾಯಿ ತಪ್ಪಿದ್ದನ್ನು ಹೇಳಿದೆ. ಅವರು ನನ್ನ ಮುಖವನ್ನೇ ನೋಡಿ, "ಬಾಯಿ ತಪ್ತು ಅಂತೀರಲ್ಲ ಬೀಗಿತ್ತಿ, ನಮ್ಮ ದೇವ್ರ ಹೆಸ್ರು ನಿಮಗೆ ಗೊತ್ತಿತ್ತಾ?" ಅಂತ ಕೇಳಿದರು. ಗೊತ್ತಿರಲಿಲ್ಲ, ಮಗಳೇ. ಬಾಡಿಗೆಗೆ ಮನೆ ಕೇಳಿಕೊಂಡು ಬಂದವರನ್ನೂ, ಬಸ್ಸಿನಲ್ಲಿ ಪಕ್ಕ ಕೂತವರನ್ನೂ ನಿಮ್ಮ ಮನೆದೇವರು ಯಾವುದು ಅಂತ ಕೇಳುವವಳು ನಾನು. ನಿನ್ನ ಮದುವೆಯಾಗಿ ಮೂರು ವರ್ಷ ಆಯಿತು, ಅವರನ್ನು ಮಾತ್ರ ಕೇಳಿಯೇ ಇರಲಿಲ್ಲ. ಗುರುವಾರದ ಬಸ್ಸಿಗೆ ಬರುತ್ತೀರಾ ಅಂತ ಬೆಳಿಗ್ಗೆ ಫೋನ್ ಮಾಡಿದ್ದೆ. ಅವರು ತೆಗೆದಿಲ್ಲ.