ಜೈಲಿನವರು ಹಿಡಿದಿಟ್ಟ ಅರ್ಧ

ಇರ್ಕಾ,

ನಿನ್ನಣ್ಣ ವಿತೆಕ್‌ನ ಕರ್ಕೊಂಡು ಬರೋಕೆ ಜೈಲಿಗೆ ಹೊರಟಿದ್ದೀನಿ. ಬೀಟ್‌ರೂಟ್ ಸಾರು ಒಲೆ ಮೇಲಿದೆ, ಬಿಸಿ ಮಾಡ್ಕೊಂಡು ತಿನ್ನು, ಹಸ್ಕೊಂಡು ಕೂರಬೇಡ. ಅವನ ಕರಿ ಕೋಟು ಇಸ್ತ್ರಿ ಮಾಡಿಡು. ಕನ್ನಡಿಗೆ ಬಟ್ಟೆ ಹೊದಿಸು, ನನ್ನ ಕೈಲಿ ಆಗ್ಲಿಲ್ಲ.

ನಾವು ಅವನಿಗೆ ಕಳಿಸಿದ ದುಡ್ಡಲ್ಲಿ ಪ್ರತಿ ಸಲ ಜೈಲಿನವರು ಅರ್ಧ ಹಿಡ್ಕೋತಿದ್ರಲ್ಲ, ಬಿಡುಗಡೆ ದಿನಕ್ಕೆ ಬೇಕಾಗುತ್ತೆ ಅಂತ? ಎಲ್ಲಾ ಕಾವಲಿನವರೇ ನುಂಗ್ತಾರೆ ಅಂತ ಎಷ್ಟು ಬೈದಿದ್ದೆ. ಸಿಗರೇಟಿಗೂ ಸಾಲಲ್ಲ ಅಂತ ಅವನೂ ಗೊಣಗ್ತಿದ್ದ.

ನಿನ್ನೆ ಅವನು ತೀರಿಹೋದ ಸುದ್ದಿ ಹೇಳಿ, ಆ ಜೈಲಿನ ಆಫೀಸಿನವಳು ಮೆಲ್ಲಗೆ ಅಂದಳು: “ನಿಮ್ಮ ಮಗ ಮನೆಗೆ ಹೋಗೋ ಖರ್ಚಿಗೆ ಅಂತ ನಾವು ಎತ್ತಿಟ್ಟಿದ್ದ ದುಡ್ಡಿದೆ, ತಾಯಿ. ಒಂದು ಜ್ಲೋಟಿಯೂ ಹೋಗಿಲ್ಲ, ಬಂದು ತಗೊಳ್ಳಿ.”

ಶವದ ವ್ಯಾನಿನವನಿಗೆ ಅದನ್ನೇ ಕೊಡ್ತೀನಿ. ಪಾದ್ರಿ ಹತ್ರ ಸಾಲ ಕೇಳಬೇಡ. ಅವನ ದಾರಿ ಖರ್ಚು ಅವನೇ ಇಟ್ಕೊಂಡಿದ್ದಾನೆ.

ಅಮ್ಮ