ಅರವತ್ತೊಂದು ಫೋಟೊ, ಒಂದು ಸ್ಕ್ರೂ

ಅಪ್ಪನಿಗೆ ನಮಸ್ಕಾರಗಳು.

ಆಪರೇಷನ್ ಆದ ಕಣ್ಣಿನ ಪಟ್ಟಿ ಇನ್ನೂ ಬಿಚ್ಚಿಲ್ಲವಾದರೆ ಇದನ್ನು ಅಮ್ಮನಿಂದ ಓದಿಸಿಕೊಳ್ಳಿ.

"ಟೈಲರಮ್ಮನ ಓವರ್‌ಲಾಕ್ ಮಿಷನ್ ಮುಟ್ಟಿದ್ರೆ ಕೈ ಮುರೀತೀನಿ" ಎಂದಿದ್ದಿರಿ. ಮುಟ್ಟಿದೆ. ಬಟ್ಟೆಯ ಅಂಚು ಹೊಲಿಯುವ ಆ ಮಿಷನ್ ಸೋಮವಾರದೊಳಗೆ ರಿಪೇರಿಯಾಗಿ ಸಿಗದಿದ್ದರೆ ಅವರು ಅದನ್ನು ನಮ್ಮಲ್ಲಿಂದ ಬೇರೆ ರಿಪೇರಿ ಅಂಗಡಿಗೆ ಒಯ್ಯುವವರಿದ್ದರು. ಶಾಲೆ ಬಿಟ್ಟವಳಿಗೆ ರಿಪೇರಿಯೂ ಬರಲಿಲ್ಲ ಎಂಬ ಮಾತು ನನಗೆ ಬೇಕಿರಲಿಲ್ಲ.

ನೀವು ಆಟಿಕೆ ಎಂದು ನಕ್ಕ ಆ ಅಗ್ಗದ ಡಿಜಿಟಲ್ ಕ್ಯಾಮೆರಾದಲ್ಲಿ, ಒಂದೊಂದು ಭಾಗ ಬಿಚ್ಚುವ ಮುನ್ನ ಒಂದೊಂದು ಫೋಟೊ ತೆಗೆದೆ, ಒಟ್ಟು ಅರವತ್ತೊಂದು. ಜೋಡಿಸುವಾಗ ಕೊನೆಯದರಿಂದ ಹಿಂದಕ್ಕೆ ಬಂದೆ. ಕ್ಯಾಮೆರಾದ ದೋಷವನ್ನೂ ಮುಚ್ಚಿಡುವುದಿಲ್ಲ: ಫ್ಲ್ಯಾಶ್ ಹಾಕಿದರೆ ಲೋಹವೆಲ್ಲ ಬೆಳ್ಳಗಾಗುತ್ತದೆ, ಇಪ್ಪತ್ತು ಫೋಟೊಗೆ ಬ್ಯಾಟರಿ ಉಸ್ಸಪ್ಪಾ ಎನ್ನುತ್ತದೆ. ಆದರೆ ನಮ್ಮ ತಲೆ ತೂರದ ಸಂದಿಗೂ ಅದು ತೂರುತ್ತದೆ, ಬೆರಳಗಲ ದೂರದಿಂದಲೂ ಸೂಜಿಯ ಕಣ್ಣು ತೋರಿಸುತ್ತದೆ.

ಇವತ್ತು ಟೈಲರಮ್ಮ ಹೊಲಿದು ನೋಡಿ, "ಭಲೇ ಕಣೇ! ದಂಡಪಿಂಡ ಅಂತಿದ್ರಲ್ಲ ನಿಮ್ಮಪ್ಪ! ಹೊಸದ್ರಲ್ಲೂ ಇದು ಹೀಗೆ ಓಡಿರ್ಲಿಲ್ಲ" ಎಂದರು.

ಒಂದು ಸ್ಕ್ರೂ ಮಾತ್ರ ಉಳಿದಿದೆ. ಫೋಟೊಗಳನ್ನೆಲ್ಲ ಮತ್ತೊಮ್ಮೆ ತಿರುವಿದೆ. ನೋಡಿದರೆ, ಮುಚ್ಚಳ ತೆಗೆದೊಡನೆ ತೆಗೆದ ಮೊದಲ ಫೋಟೊದಲ್ಲೇ ಅದು ತಳದ ಎಣ್ಣೆಯಲ್ಲಿ ಬಿದ್ದಿದೆ. ಅದಕ್ಕೂ ಮುನ್ನ ಆ ಮಿಷನ್ ಬಿಚ್ಚಿದವರು ನೀವೊಬ್ಬರೇ. ಟೈಲರಮ್ಮನಿಗೂ ಫೋಟೊ ತೋರಿಸಿದೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ.

ಆ ಸ್ಕ್ರೂ ಎಲ್ಲಿಯದೆಂದು ಅಮ್ಮನಿಂದ ಬರೆಸಿ ಕಳಿಸಿ, ಹಾಕಿಬಿಡುತ್ತೇನೆ.

ಮಾತು ಮೀರಿದ
ನಿಮ್ಮ ಹಿರಿಮಗಳು