ಅಳಿಯಂದ್ರು ಹೇಳಿದ ಕಸ

ತೆಲಿಗಿ
೧೩-೧೧-೧೯೭೮, ಸೋಮವಾರ

ನನ್ನ ಮನಿಯವರಿಗೆ, ತವರುಮನಿಯಿಂದ ದುರುಗಮ್ಮ ಮಾಡೋ ನಮಸ್ಕಾರ.

ಹೆಂಗದೀರಿ? ಕೆಮ್ಮು ಕಡಿಮಿ ಆತೇನು? ಹಡಗಲಿಯಾಗ ಖಾನಾವಳಿ ಊಟ ಮಾಡಿ ಹೊಟ್ಟಿ ಕೆಡಿಸಿಕೊಂಡಾರೇನೋ ಅಂತ ಅವ್ವ ದಿನಾ ಅಂತಾಳ. ನಿಮ್ಮ ಮಗಳಿಗೆ ಇವತ್ತಿಗೆ ಇಪ್ಪತ್ತಾರು ದಿನ. ಮೂಗು ನಿಮ್ದು, ಸಿಟ್ಟು ನಂದು. ನಾನು ಅರಾಮ ಅದೀನಿ ಅಂತ ಬರಿಯೋದು ರೂಢಿ. ಆದ್ರ ಅರಾಮಿಲ್ಲ, ನಿಮ್ಮ ಮ್ಯಾಲೆ ಬಾಳ ಸಿಟ್ಟು ಬಂದೈತಿ.

ಕೂಸಿಗೆ ಹಾಲು ಸಾಲತಿದ್ದಿಲ್ಲ. ಅವ್ವ ಬೆಳ್ಳುಳ್ಳಿ ತಿನ್ನಿಸಿದ್ಲು, ಕೊಬ್ಬರಿ ಬೆಲ್ಲ ತಿನ್ನಿಸಿದ್ಲು, ಏನೂ ಉಪಯೋಗ ಆಗ್ಲಿಲ್ಲ. ನೀವು ಕಳಿಸಿದ ಡಬ್ಬಿ ಹಾಲು ಕುಡಿಸಿದ್ರ ಅರ್ಧ ತಾಸಿನಾಗ ಕಕ್ಕತೈತಿ. ಕಡೀಗೆ ಅವ್ವ ನಮ್ಮ ಬಿಳಿಜ್ವಾಳದ ಹೊಲ ಎಲ್ಲಾ ಹುಡುಕಿ ಒಂದು ಹಿಡಿ ಹಕ್ಕರಿಕಿ ತಂದ್ಲು. ಎಲಿ ಮುರದ್ರ ಹಾಲು ಬರತೈತಲ್ಲ, ಅದ ಹಳದಿ ಹೂವಿನ ಗಿಡ. ಬಿಸಿ ರೊಟ್ಟಿ, ಶೇಂಗಾ ಚಟ್ನಿ ಜೋಡಿ ಹಸೀದ ತಿಂದೆ. ಎರಡು ದಿನಕ್ಕ ಎದಿ ತುಂಬಿತು ನೋಡ್ರಿ! ಕೂಸು ಹೊಟ್ಟಿ ತುಂಬ ಕುಡದು ಮಲಗಿತು, ನನಗ ಅಳು ಬಂತು. ನಗಬ್ಯಾಡ್ರಿ. ನಿಮ್ಮ ಪುಸ್ತಕದಾಗ ಇಲ್ಲ ಅಂದ್ರ ಸುಳ್ಳಾಗಂಗಿಲ್ಲ.

ಹೋದ ವರ್ಷ ಮೊದಲ ದೀಪಾವಳಿಗೆ ಅಳಿಯತನಕ್ಕ ಬಂದವ್ರು ಹೋಳಿಗಿ ಉಂಡು ಸುಮ್ನ ಮಲಗಬಾರದಿತ್ತಾ? ರೈತರಿಗೆ ಬೇಸಾಯ ಹೇಳಿಕೊಡೋ ಗ್ರಾಮಸೇವಕನ ನೌಕರಿ ತಲಿಗೇರಿತ್ತು. ಚಾವಡಿ ಕಟ್ಟಿ ಮ್ಯಾಲೆ ನಿಂತು ಇದ ಹಕ್ಕರಿಕಿ ಎತ್ತಿ ಹಿಡದು, "ಇದು ಕಸ, ಬೆಳಿ ಸಾರ ಹೀರತೈತಿ, ಹೂ ಬಿಡೋದ್ರೊಳಗ ಬೇರು ಸಮೇತ ಕೀಳ್ರಿ" ಅಂದ್ರಿ. ನಮ್ಮಪ್ಪನ ಎದಿ ಉಬ್ಬೇ ಉಬ್ಬಿತು. "ಅಳಿಯಂದ್ರು ಹೇಳ್ಯಾರ" ಅಂತ ತಾನೂ ಕಿತ್ತ, ಊರವ್ರ ಕೈಲೂ ಕೀಳಿಸಿದ. ನಾಕು ಗಿಡ ಉಳಿಸಿದ್ದಕ್ಕ ಬಾಜೂ ಹೊಲದ ಓಬಣ್ಣನ ಜೋಡಿ ಮಾತು ಬಿಟ್ಟಾನ. ಆ ನಾಕೂ ದನದ ಬಾಯಿಗೆ ಹೋದ್ವು, ಬೀಜ ಬೀಳ್ಲಿಲ್ಲ, ಈ ವರ್ಷ ಊರಾಗ ಎಲ್ಲೂ ಇಲ್ಲ. ಅವ್ವ ಬಸ್ ಹತ್ತಿ ಚಿಗಟೇರಿಗೆ ಹೋಗಿ ತಂದದ್ದು ಹೂ ಬಿಟ್ಟು ಬಲತಿತ್ತು, ಕಹಿ ಅಂದ್ರ ಕಹಿ, ಬಾಯಾಗ ಇಡಾಕಾಗ್ಲಿಲ್ಲ.

ಉಳದಿರೋದು ಅಪ್ಪನ ಕಣ್ಣು ತಪ್ಪಿಸಿ ನಮ್ಮ ಹೊಲದ ಎರಡು ಸಾಲಿನಾಗ ಹುಟ್ಟಿದ್ದು ಅಷ್ಟ. ಈಗ ಅದೂ ಕಣ್ಣಿಗೆ ಬಿದ್ದೈತಿ. ನಾಳೆ ಬಿಟ್ಟು ಮುಂದಿನ ಮಂಗಳವಾರ ಎಡಿ ಹೊಡಿಸಿ ಕಸ ಎಲ್ಲಾ ತಗಸಾಕ ನಾಗಪ್ಪನ ಎತ್ತು ಗೊತ್ತು ಮಾಡ್ಯಾನ. ಎದಿಹಾಲಿನ ಮಾತು ಅಪ್ಪನ ಮುಂದ ನಾನು ಹೆಂಗ ಆಡ್ಲಿ? ನನ್ನ ಬದಲಿ ಅವ್ವ ಹೇಳಿದ್ಲು. "ಊರಿಗೆಲ್ಲ ಕೀಳಿಸಿ ನಾನ ಬಿಟ್ಕೊಂಡ್ರ ಅಳಿಯಂದ್ರ ಮಾತಿಗೆ ಏನು ಕಿಮ್ಮತ್ತು? ಡಬ್ಬಿ ಹಾಲು ಕಳಿಸ್ಯಾರಲ್ಲ" ಅಂದ. ಮೊಮ್ಮಗಳು ಅತ್ರ ಅವನ ಕಣ್ಣಾಗೂ ನೀರು ಬರತಾವ, ಆದ್ರ ನಿಮ್ಮ ಮಾತು ಮಾತ್ರ ಮೀರಂಗಿಲ್ಲ. ಇಂಥ ಮನಷ್ಯಾಗ ಏನು ಹೇಳಬೇಕು? ತಲಿ ಚಚ್ಚಿಕೊಳ್ಳಂಗ ಆಗೈತಿ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತಾರ. ನೀವು ಆಡಿ ಹಡಗಲಿಗೆ ಹೋದ್ರಿ, ಇಲ್ಲಿ ನನ್ನ ಕೂಸು ಮತ್ತ ಬರೇ ಬಾಯಿ ಚಪ್ಪರಿಸಿ ಮಲಗಬೇಕಾಗತೈತಿ.

ಊರಿಗೆ ಹೋದಾಗ ಅತ್ತಿಯವ್ರಿಗೆ ನನ್ನ ನಮಸ್ಕಾರ ತಿಳಿಸ್ರಿ. ಕೆಮ್ಮಿಗೆ ಬಿಸಿನೀರು ಕುಡೀರಿ. ಮಗಳ ಕಡಿಂದ ನಿಮಗ ಒಂದು ಒದಿಕಿ.

ನಿಮ್ಮ
ದುರುಗಮ್ಮ

ತಾ.ಕ.: ಟಪಾಲಿನವ್ರು ಬಾಗಲಾಗ ನಿಂತಾರ, ಲಗೂನ ಬರಿತೀನಿ. ಇನ್ನ ಡಬ್ಬಿ ಕಳಿಸಬ್ಯಾಡ್ರಿ. ಅಪ್ಪಗ ಒಂದು ಕಾರ್ಡು ಹಾಕ್ರಿ, 'ಮಾವನವರೇ, ನಾನು ಹೇಳಿದ್ದು ತಪ್ಪು, ಹಕ್ಕರಿಕಿ ಬಿಡ್ರಿ' ಅಂತ. ಶನಿವಾರದೊಳಗ ಮುಟ್ಟಬೇಕು. ಅಳಿಯಂದ್ರ ಕಾರ್ಡು ಅಂದ್ರ ಅಪ್ಪ ಮನಿಯಾಗ ಓದಸಂಗಿಲ್ಲ, ಚಾವಡಿಗೆ ಒಯ್ದು ಊರವ್ರ ಮುಂದ ಜೋರಾಗಿ ಓದಸತಾನ, ನಿಮಗ ಗೊತ್ತೈತಿ. ಗೊತ್ತಿದ್ದೂ ಬರೀರಿ.